ಹೆಜ್ಜೆ ನೆಟ್ಟಗಾದ ಬಗೆ

ಬನಹಟ್ಟಿಯ ನಮ್ಮ ಓಣಿಯಲ್ಲಿ ಬೆಳಗಿನ ಐದು ಗಂಟೆಗೆ ಎದ್ದವನಿಗೆ ಮೊದಲು ಕೇಳಿಸುವುದು ಕೋಳಿಯ ಕೂಗಲ್ಲ, ಮಗ್ಗದ ಸಪ್ಪಳ. ಈಗ ಅದು ವಿದ್ಯುತ್ ಮಗ್ಗಗಳ ಒಂದೇ ಸಮನಾದ ಗದ್ದಲ. ನಾನು ಚಿಕ್ಕವನಿದ್ದಾಗ ಕೈಮಗ್ಗದ ಸಪ್ಪಳವಿದ್ದಿತು. ಯಾರ ಮನೆಯಲ್ಲಿ ಯಾರು ನೇಯುತ್ತಿರುವರೆಂಬುದನ್ನು ಅದರ ಗತಿಯಿಂದಲೇ ಹೇಳಬಹುದಾಗಿದ್ದಿತು. ನೇಕಾರಿಕೆಯೆಂದರೆ ಕೈಯ ಕಸುಬೆಂದು ಹೊರಗಿನವರು ತಿಳಿಯುತ್ತಾರೆ. ಅದರಲ್ಲಿ ಅರ್ಧ ಕಾಲಿನ ಕಸುಬು. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗದ ಮುಂದೆ ಕುಳಿತು, ಕುಣಿಯಲ್ಲಿ ಇಳಿಬಿಟ್ಟ ಕಾಲುಗಳಿಂದ ಹಲಗೆಗಳನ್ನು ಸರದಿಯಂತೆ ತುಳಿದರೆ ಹಾಸಿನ ಎಳೆಗಳು ಬಾಯಿ ಬಿಡುತ್ತವೆ. ಲಾಳಿ ಆ ಬಾಯೊಳಗಿಂದ ಹಾಯಬೇಕು. ಕಾಲು ತಪ್ಪಿದರೆ ಬಟ್ಟೆ ಕೆಟ್ಟಿತು.

ಇಂಥ ಮನೆಯಲ್ಲಿ, 1954ರಲ್ಲಿ, ನನ್ನ ದೊಡ್ಡಪ್ಪನ ಮಗನು ಎರಡೂ ಪಾದಗಳು ಒಳಕ್ಕೆ ಮಡಚಿಕೊಂಡ ಸ್ಥಿತಿಯಲ್ಲಿ ಹುಟ್ಟಿದನು. ಅಂಗಾಲುಗಳು ಒಂದನ್ನೊಂದು ನೋಡುತ್ತಿದ್ದುವು. ಹಿಮ್ಮಡಿ ಮೇಲಕ್ಕೆ ಜಗ್ಗಿಕೊಂಡಿದ್ದಿತು. ನನಗಿಂತ ಮೂರು ವರ್ಷ ದೊಡ್ಡವನಾದ ಅವನನ್ನು ನಾನು ಅಣ್ಣ ಎಂದೇ ಕರೆದವನು. ಈ ಲೇಖನದಲ್ಲಿಯೂ ಅವನು ಅಣ್ಣನಾಗಿಯೇ ಇರಲಿ. ಅವನು ನಡೆಯಲು ಕಲಿತದ್ದು ಪಾದದ ಹೊರ ಅಂಚಿನ ಮೇಲೆ. ಅಂಗಾಲಿನ ಚರ್ಮ ಕೂಸಿನದರಂತೆ ಮೃದುವಾಗಿಯೇ ಉಳಿದು, ಪಾದದ ಮೇಲ್ಭಾಗದಲ್ಲಿ ಆಣಿ ಕಟ್ಟಿ ಚಕ್ಕಳದಂತಾಗಿದ್ದಿತು. ಮಗ್ಗದ ಹಲಗೆಯನ್ನು ಅವನ ಕಾಲು ತುಳಿಯಲಾರದು. ಆದುದರಿಂದ ಅವನಿಗೆ ಹೆಂಗಸರ ಜೊತೆ ಕುಳಿತು ಕಂಡಿಕೆ ಸುತ್ತುವ ಕೆಲಸ ಬಂದಿತು. ಇಂದಿಗೂ ಅವನಷ್ಟು ಬಿಗಿಯಾಗಿ, ಸಮನಾಗಿ ಕಂಡಿಕೆ ಸುತ್ತುವವರನ್ನು ನಾನು ಕಂಡಿಲ್ಲ. ಆದರೆ ಓಣಿಯಲ್ಲಿ ಅವನ ಹೆಸರು ಹಿಡಿದು ಕರೆದವರು ಕಡಿಮೆ.

ಅವನಿಗಿಂತ ಹೆಚ್ಚಿನ ಮಾತು ಕೇಳಿದವಳು ದೊಡ್ಡವ್ವ. ಗ್ರಹಣದ ದಿನ ಹೊರಗೆ ಬಂದಿದ್ದಳು, ಗ್ರಹಣದಲ್ಲಿ ಕಾಲು ಮಡಚಿ ಕುಳಿತಿದ್ದಳು, ಕಾಯಿಪಲ್ಯ ಹೆಚ್ಚಿದ್ದಳು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಆ ವರ್ಷ ಅವಳು ಬಸುರಿಯಾಗಿದ್ದಾಗ ಗ್ರಹಣ ಹಿಡಿದಿದ್ದಿತೋ ಇಲ್ಲವೋ ಎಂದು ಯಾರೂ ಪಂಚಾಂಗ ತೆರೆದು ನೋಡಿದವರಲ್ಲ. ಕೂಸಿನ ಅಂಗದಲ್ಲಿ ಊನ ಕಂಡರೆ ತಾಯಿಯ ತಪ್ಪನ್ನು ಹುಡುಕುವುದು ನಮ್ಮಲ್ಲಿ ಬಹು ಹಳೆಯ ರೂಢಿ. ಮಹಾಭಾರತದ ಆದಿಪರ್ವದ ವಿನತೆ ಅವಸರಪಟ್ಟು ತತ್ತಿಯೊಡೆದಳು, ಅರುಣನು ತೊಡೆಗಳಿಲ್ಲದೆ ಹೊರಬಂದನು, ಬಂದವನೇ ತಾಯಿಗೆ ದಾಸಿಯಾಗೆಂದು ಶಪಿಸಿದನು. ಅಷ್ಟಾವಕ್ರನ ಕಥೆಯಲ್ಲಿ ಮಾತ್ರ ತಪ್ಪು ತಂದೆಯದು: ಗರ್ಭದಲ್ಲಿದ್ದ ಮಗ ತನ್ನ ವೇದಪಾಠದಲ್ಲಿ ದೋಷ ಹಿಡಿದನೆಂದು ಕಹೋಳನೇ ಅವನನ್ನು ಎಂಟು ಕಡೆ ಸೊಟ್ಟಗಾಗೆಂದು ಶಪಿಸಿದನು. ದೊಡ್ಡವ್ವನಿಗೆ ಈ ಎರಡನೆಯ ಕಥೆಯನ್ನು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಅವಳು ಕೊನೆಯವರೆಗೂ ತನ್ನನ್ನು ವಿನತೆಯೆಂದೇ ತಿಳಿದು ಹೋದಳು.

ಈ ಊನಕ್ಕೆ ಇಂಗ್ಲಿಷಿನಲ್ಲಿ ಕ್ಲಬ್ ಫುಟ್ ಎಂದು ಹೆಸರು. ಗದೆಯಂತೆ ದಪ್ಪನಾಗಿ ತುದಿಯಲ್ಲಿ ತಿರುಗಿಕೊಂಡ ಪಾದ ಎಂದರ್ಥ. ಗದಾಯುದ್ಧ ಬರೆದ ರನ್ನನ ಸೀಮೆಯವರಾದ ನಮಗೆ ಗದೆಯೆಂದೊಡನೆ ನೆನಪಾಗುವುದು ಬೇರೆಯೇ ಪ್ರಸಂಗವಾದುದರಿಂದ, ನಾವು ಸೊಟ್ಟಗಾಲು ಎಂದೇ ಅನ್ನುತ್ತೇವೆ. ಹುಟ್ಟುವ ಕೂಸುಗಳಲ್ಲಿ ಸುಮಾರು ಸಾವಿರಕ್ಕೆ ಒಂದರಲ್ಲಿ ಇದು ಕಾಣುತ್ತದೆ. ಹೆಣ್ಣಿಗಿಂತ ಗಂಡಿನಲ್ಲಿ ಇಮ್ಮಡಿ. ಹೆಚ್ಚುಕಡಿಮೆ ಅರ್ಧದಷ್ಟು ಕೂಸುಗಳಲ್ಲಿ ಎರಡೂ ಕಾಲುಗಳಿಗೆ. 2011ರ ಜನಗಣತಿಯಂತೆ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ. ವರ್ಷಕ್ಕೆ ಸಾವಿರಕ್ಕೆ ಇಪ್ಪತ್ತರಂತೆ ಜನನ ಹಿಡಿದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನು ಒಳಗೊಂಡ ಈ ಜಿಲ್ಲೆಯೊಂದರಲ್ಲಿಯೇ ವರ್ಷಕ್ಕೆ ಮೂವತ್ತು ನಲವತ್ತು ಕೂಸುಗಳು ಹೀಗೆ ಹುಟ್ಟುತ್ತಿರಬೇಕು. ಇದು ಶಾಲೆಯ ಮಾಸ್ತರನ ಬಾಯಿಲೆಕ್ಕ, ಸರಕಾರದ ಅಂಕಿಯಲ್ಲ. ಕಾರಣ ಇಂಥದೇ ಎಂದು ವೈದ್ಯಶಾಸ್ತ್ರ ಇನ್ನೂ ಬೆರಳಿಟ್ಟು ತೋರಿಸಿಲ್ಲ. ವಂಶದ ಪಾಲು ಸ್ವಲ್ಪ ಇರುವುದು ನಿಜ. ಒಂದು ಮನೆತನದಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬುದು ಮಾತ್ರ ಸಂಶಯವಿಲ್ಲದ ಸಂಗತಿ.

ಅಣ್ಣನಿಗೆ ಒಂಬತ್ತು ವರ್ಷವಾದಾಗ, 1963ರ ಬೇಸಿಗೆಯಲ್ಲಿ, ದೊಡ್ಡಪ್ಪನು ಸಾಲಮಾಡಿ ಅವನನ್ನು ಶಸ್ತ್ರಕ್ರಿಯೆಗೆ ಒಯ್ದನು. ನಮ್ಮ ಕಡೆಯ ಜನರಿಗೆ ಆಗಿನ ಕಾಲಕ್ಕೆ ದೊಡ್ಡ ಬೇನೆಯೆಂದರೆ ಮಿರಜವೇ ನೆನಪಾಗುತ್ತಿದ್ದಿತು. ಆದರೆ ಅವನನ್ನು ಒಯ್ದುದು ಅಲ್ಲಿಗಲ್ಲ, ಬಂಧುವೊಬ್ಬರು ಇದ್ದ ಬೇರೊಂದು ಶಹರಕ್ಕೆ. ಪಾದದ ಒಳಬದಿಯನ್ನೂ ಹಿಮ್ಮಡಿಯ ಹಿಂಬದಿಯನ್ನೂ ಉದ್ದಕ್ಕೆ ಸೀಳಿ, ಬಿಗಿದುಕೊಂಡಿದ್ದುದನ್ನೆಲ್ಲ ಕತ್ತರಿಸಿ, ಪಾದವನ್ನು ನೆಟ್ಟಗೆ ಮಾಡಿದರು. ಎರಡು ತಿಂಗಳಾದ ಮೇಲೆ ಅವನು ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ಊರಿಗೆ ಬಂದನು. ಪಾದ ನೆಟ್ಟಗಾಗಿದ್ದಿತು; ಜೊತೆಗೆ ಕೊರಡೂ ಆಗಿದ್ದಿತು. ಕೀಲು ಮೇಲೆ ಕೆಳಗೆ ಆಡದು. ಹರೆಯಕ್ಕೆ ಬರುವಷ್ಟರಲ್ಲಿ ಎಡಗಾಲು ಪುನಃ ಒಳಕ್ಕೆ ತಿರುಗಿತು. ನಲವತ್ತು ದಾಟಿದಂದಿನಿಂದ ಚಳಿಗಾಲದ ರಾತ್ರಿಗಳಲ್ಲಿ ನೋವು. ಅಂದಿನ ವೈದ್ಯರನ್ನು ನಾನು ದೂರುತ್ತಿಲ್ಲ. ಅವರು ಕಲಿತದ್ದನ್ನು ಮಾಡಿದರು. ಜಗತ್ತಿನ ದೊಡ್ಡ ದೊಡ್ಡ ಶಹರಗಳಲ್ಲಿಯೂ ಹಾಗೆಯೇ ಮಾಡುತ್ತಿದ್ದರು, ಮುಂದೆ ಮೂವತ್ತು ವರ್ಷ ಮಾಡುತ್ತಲೇ ಇದ್ದರು.

ಆದರೆ ಅದೇ 1963ರಲ್ಲಿ, ಅಮೆರಿಕದ ಮೂಳೆವೈದ್ಯರ ಪ್ರಸಿದ್ಧ ಪತ್ರಿಕೆಯೊಂದರಲ್ಲಿ, ಇಗ್ನೇಷಿಯೋ ಪೊನ್ಸೆಟಿ ಎಂಬವರು ತಮ್ಮ ಸಹೋದ್ಯೋಗಿ ಯೂಜೀನ್ ಸ್ಮೋಲಿಯೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿದ್ದರು. ಇಂಥ ಪಾದಕ್ಕೆ ಸೀಳುವ ಶಸ್ತ್ರಕ್ರಿಯೆ ಬೇಕಾಗಿಯೇ ಇಲ್ಲವೆಂಬುದು ಅದರ ತಿರುಳು. ಅದನ್ನು ಓದಿದವರು ಕೆಲವರು. ನಂಬಿದವರು ಇನ್ನೂ ಕೆಲವರು. ಈ ವರ್ಷಗಳ ಕಾಕತಾಳೀಯವು ನನಗೆ ತಿಳಿದುದು ತೀರ ಈಚೆಗೆ. ತಿಳಿದ ದಿನ ಅಣ್ಣನಿಗೆ ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆನು.

ಪೊನ್ಸೆಟಿಯವರ ಜೀವನವೇ ಒಂದು ಕಾದಂಬರಿ. 1914ರ ಜೂನ್ 3ರಂದು ಸ್ಪೇನ್ ದೇಶದ ಮಿನೋರ್ಕಾ ದ್ವೀಪದಲ್ಲಿ ಗಡಿಯಾರ ರಿಪೇರಿ ಮಾಡುವವನ ಮಗನಾಗಿ ಹುಟ್ಟಿದರು. 1936ರಲ್ಲಿ ಬಾರ್ಸಿಲೋನಾದಲ್ಲಿ ವೈದ್ಯ ಪದವಿ ಕೈಗೆ ಬರುವುದಕ್ಕೂ ಅಂತರ್ಯುದ್ಧ ಹೊತ್ತುವುದಕ್ಕೂ ಸರಿಹೋಯಿತು. ಗಣರಾಜ್ಯದ ಸೈನ್ಯದಲ್ಲಿ ಮುರಿದ ಎಲುಬುಗಳನ್ನು ಕೂಡಿಸುತ್ತ ಮೂರು ವರ್ಷ ಕಳೆದರು; ಸೋತ ಪಕ್ಷದವರಾದುದರಿಂದ 1939ರಲ್ಲಿ ಗಾಯಾಳುಗಳನ್ನು ಹೇಸರಗತ್ತೆಗಳ ಮೇಲೆ ಹೊರಿಸಿಕೊಂಡು ಪಿರೆನೀಸ್ ಪರ್ವತ ದಾಟಿ ಫ್ರಾನ್ಸಿಗೆ ಹೋದರು. ಅಲ್ಲಿಂದ ಮೆಕ್ಸಿಕೋದ ಒಂದು ಹಳ್ಳಿ. 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯ. ಅಲ್ಲಿ ಹಿರಿಯ ವೈದ್ಯ ಸ್ಟೈಂಡ್ಲರರು, ತಾವು ಹಿಂದೆ ಶಸ್ತ್ರಕ್ರಿಯೆ ಮಾಡಿದ ಸೊಟ್ಟಗಾಲಿನ ಮಕ್ಕಳು ಈಗ ಹೇಗಿರುವರೆಂದು ನೋಡಿ ಬರಲು ಈ ತರುಣನಿಗೆ ಕೆಲಸ ಒಪ್ಪಿಸಿದರು. ಕಂಡದ್ದು ನಮ್ಮ ಅಣ್ಣನಂಥ ಪಾದಗಳನ್ನೇ: ಗಾಯದ ಗುರುತು, ಬಿಗಿತ, ನೋವು. ಗುರುವಿನ ಕೆಲಸದ ಫಲವನ್ನು ಪರೀಕ್ಷಿಸಲು ಗುರುವೇ ಶಿಷ್ಯನನ್ನು ಕಳಿಸಿದ ಈ ಸಂಗತಿಯನ್ನು ನಮ್ಮ ವಿದ್ಯಾಪೀಠಗಳ ಹಿರಿಯರು ಗಮನಿಸಬೇಕು. ಅಂಥ ಗುರುಗಳು ಎಲ್ಲೆಡೆಯೂ ವಿರಳ.

ಪೊನ್ಸೆಟಿಯವರು ಸೂಕ್ಷ್ಮದರ್ಶಕದಲ್ಲಿ ಕೂಸಿನ ಪಾದದ ಕಟ್ಟುಗಳನ್ನು ಪರೀಕ್ಷಿಸಿದರು. ಆ ವಯಸ್ಸಿನಲ್ಲಿ ಅವುಗಳ ಎಳೆಗಳು ಅಲೆಯಲೆಯಾಗಿ ಸುಕ್ಕುಗಟ್ಟಿರುತ್ತವೆ. ಮೆಲ್ಲಗೆ ಜಗ್ಗಿ ಹಿಡಿದರೆ ಹಿಗ್ಗುತ್ತವೆ, ಕೆಲದಿನ ಬಿಟ್ಟರೆ ಪುನಃ ಸುಕ್ಕುಗಟ್ಟಿ ಮತ್ತೆ ಹಿಗ್ಗಲು ಸಿದ್ಧವಾಗುತ್ತವೆ. ಪಾದದ ಎಲುಬುಗಳೆಂದು ನಾವು ಹೇಳುವವುಗಳಾದರೂ ಆಗ ಬಹುಮಟ್ಟಿಗೆ ಮೃದ್ವಸ್ಥಿಗಳೇ. ಸರಿಯಾದ ದಿಕ್ಕಿನಲ್ಲಿ ಹಿಡಿದಿಟ್ಟರೆ ಬೆಳೆಯುತ್ತ ಬೆಳೆಯುತ್ತ ಸರಿಯಾದ ಆಕಾರವನ್ನೇ ತಾಳುತ್ತವೆ. ನಮ್ಮ ಓಣಿಯ ಯಾವ ನೇಕಾರನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಟಾದ ಎಳೆಯನ್ನು ಕತ್ತರಿಸುವವನು ಕಲಿಯುತ್ತಿರುವವನು. ಕಸುಬು ಬಲ್ಲವನು ನೆನೆಸಿ, ಸಡಿಲಿಸಿ, ಬಿಡಿಸುತ್ತಾನೆ.

ಕ್ರಿಸ್ತಪೂರ್ವ ನಾಲ್ಕು ಐದನೆಯ ಶತಮಾನಗಳ ಗ್ರೀಕ್ ವೈದ್ಯ ಹಿಪ್ಪೊಕ್ರಟೀಸನೂ ಹೀಗೆಯೇ, ಆದಷ್ಟು ಬೇಗ, ಮೃದುವಾಗಿ, ಪಟ್ಟಿ ಸುತ್ತಿ ತಿದ್ದಬೇಕೆಂದು ಹೇಳಿದ್ದನು. ನಡುವೆ ಎರಡು ಸಾವಿರ ವರ್ಷ ಅದನ್ನು ಮರೆತು ಮಕ್ಕಳ ಕಾಲುಗಳನ್ನು ಕಬ್ಬಿಣದ ಯಂತ್ರಗಳಲ್ಲಿ ಹಾಕಿ ತಿರುಚಿದ್ದೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸ್ಟ್ರೋಮಾಯರನು ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವನ್ನು ಚರ್ಮ ಸೀಳದೆ, ಸಣ್ಣ ಚುಚ್ಚಿನೊಳಗಿಂದ ಕತ್ತರಿಸುವ ಕ್ರಮವನ್ನು ಕಂಡುಹಿಡಿದನು. ಗಾಯ ಸಣ್ಣದಾದಷ್ಟೂ ಕೀವಿನ ಭಯ ಕಡಿಮೆ. ಆಗ ಇನ್ನೂ ರೋಗಾಣುಗಳ ವಿಷಯ ಜಗತ್ತಿಗೆ ತಿಳಿದಿರಲಿಲ್ಲ. ಬಾಲ್ಯದಲ್ಲಿ ಪೋಲಿಯೋದಿಂದ ಕಾಲು ಸೊಟ್ಟಗಾಗಿದ್ದ ಲಂಡನ್ನಿನ ತರುಣ ವೈದ್ಯ ವಿಲಿಯಂ ಲಿಟಲ್ 1836ರಲ್ಲಿ ಅವನಲ್ಲಿಗೆ ಹೋಗಿ, ತನ್ನ ಕಾಲನ್ನೇ ಒಪ್ಪಿಸಿ, ಗುಣಹೊಂದಿ, ಆ ವಿದ್ಯೆಯನ್ನು ಕಲಿತು ಊರಿಗೆ ಮರಳಿದನು.

ವಿದ್ಯೆ ಅರೆಬರೆ ತಿಳಿದವನ ಕೈಗೆ ಬಂದರೆ ಏನಾಗುವುದೆಂಬುದನ್ನು ಸಾಹಿತ್ಯದ ವಾಚಕರು ಬಲ್ಲರು. ಫ್ಲೊಬೇರನ ‘ಮದಾಂ ಬೊವಾರಿ’ಯಲ್ಲಿ ಛತ್ರದ ಆಳು ಇಪೊಲೀತನ ಸೊಟ್ಟಗಾಲನ್ನು ಸರಿಪಡಿಸಿ ಊರಿಗೆ ಕೀರ್ತಿ ತರಬೇಕೆಂದು ಔಷಧದಂಗಡಿಯವನು ಬೊವಾರಿಗೆ ದುಂಬಾಲು ಬೀಳುತ್ತಾನೆ. ರಜ್ಜುವನ್ನು ಕತ್ತರಿಸಿ ಕಾಲನ್ನು ಪೆಟ್ಟಿಗೆಯೊಳಗೆ ಬಿಗಿಯುತ್ತಾರೆ. ಕಾಲು ಕೊಳೆಯುತ್ತದೆ, ಬೇರೊಬ್ಬ ವೈದ್ಯ ಬಂದು ತೊಡೆಯಿಂದಲೇ ಕತ್ತರಿಸುತ್ತಾನೆ. ಫ್ಲೊಬೇರನ ತಂದೆ ಸ್ವತಃ ಶಸ್ತ್ರವೈದ್ಯ. ಆ ಅಧ್ಯಾಯದ ವಾಸನೆ ಮನೆಯಿಂದಲೇ ಬಂದದ್ದಿರಬೇಕು. ಮಾಮ್‌ನ ‘ಆಫ್ ಹ್ಯೂಮನ್ ಬಾಂಡೇಜ್’ನ ಫಿಲಿಪನನ್ನು ಓದಿದಾಗಲೆಲ್ಲ ನನಗೆ ಶಾಲೆಯ ಅಂಗಳದಲ್ಲಿ ಒಂಟಿಯಾಗಿ ಕುಳಿತ ಅಣ್ಣನೇ ಕಣ್ಣ ಮುಂದೆ ಬರುತ್ತಿದ್ದನು. ಕಾದಂಬರಿಗಳಲ್ಲಿ ಈ ಪಾದ ವಾಸಿಯಾಗದು ಎಂದೇ ನಾನು ತಿಳಿದಿದ್ದೆನು.

2018ರ ಡಿಸೆಂಬರಿನಲ್ಲಿ ನನ್ನ ತಂಗಿಯ ಮಗಳಿಗೆ ಗಂಡು ಕೂಸು ಹುಟ್ಟಿತು. ಎರಡೂ ಪಾದ ಸೊಟ್ಟ. ತಂಗಿ ಅತ್ತಳು, ಗ್ರಹಣದ ಮಾತು ಮತ್ತೆ ಹೊರಬಂದಿತು, ಅರವತ್ತು ವರ್ಷಗಳಲ್ಲಿ ಅದರ ಒಂದಕ್ಷರವೂ ಬದಲಾಗಿರಲಿಲ್ಲ. ಆಗ ಅಣ್ಣನು ಕೋಲೂರಿಕೊಂಡು ಬಾಣಂತಿಯ ಕೋಣೆಯ ಹೊಸ್ತಿಲ ತನಕ ಬಂದು ನಿಂತನು.

“ಯವ್ವಾ, ಕೂಸಿನ ಕಾಲ ಮ್ಯಾಲಿನ ಅರಿವಿ ತಗಿ, ನೋಡತೀನಿ” ಎಂದನು. ನೋಡಿದನು. ಆಮೇಲೆ ತಂಗಿಯ ಕಡೆ ತಿರುಗಿ, “ನಮ್ಮವ್ವ ಕೇಳಿದ ಮಾತು ಈ ಹುಡಿಗಿ ಕೇಳಬಾರದು. ಯಾರರೆ ಗ್ರಹಣದ ಸುದ್ದಿ ತಗದ್ರ ನನ್ನ ಹಂತ್ಯಾಕ ಕಳಸ್ರಿ” ಎಂದು ಹೇಳಿದನು. ಅಷ್ಟು ಗಟ್ಟಿಯಾಗಿ ಅವನು ಮಾತನಾಡಿದ್ದನ್ನು ನಾನು ಅದಕ್ಕೆ ಮುನ್ನ ಕೇಳಿರಲಿಲ್ಲ.

ದಾರಿ ತೋರಿಸಿದವಳು ಓಣಿಯ ಆಶಾ ಕಾರ್ಯಕರ್ತೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದಲೇ ಬರುವ ಊನಗಳ ಪಟ್ಟಿಯೊಂದಿದೆ. ಸೀಳುತುಟಿ, ಹೃದಯದ ದೋಷ, ಕಣ್ಣಿನ ಪೊರೆಗಳ ಜೊತೆಗೆ ಸೊಟ್ಟಪಾದವೂ ಅದರಲ್ಲಿ ಸೇರಿದೆ. ಅಂಗನವಾಡಿಗಳಿಗೂ ಶಾಲೆಗಳಿಗೂ ಹೋಗಿ ಮಕ್ಕಳನ್ನು ತಪಾಸಿಸುವ ವೈದ್ಯರ ತಂಡಗಳು ತಾಲೂಕುಗಳಲ್ಲಿವೆ. ಕಂಡುಬಂದ ಮಕ್ಕಳಿಗೆ ಮುಂದಿನ ಚಿಕಿತ್ಸೆ ಸರಕಾರದ ಖರ್ಚಿನಲ್ಲಿ ದೊರೆಯಬೇಕೆಂಬುದು ನಿಯಮ. “ಹನ್ನೆರಡು ದಿನದ ಕೂಸಾದರ ಇನ್ನೂ ಛಲೋ, ತಡಾ ಮಾಡಬ್ಯಾಡ್ರಿ” ಎಂದು ಅವಳು ಹೇಳಿದಳು. ಬಾಣಂತಿಯನ್ನು ಅಷ್ಟು ಬೇಗ ಹೊರಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅಣ್ಣನ ಹಟದ ಮುಂದೆ ಪದ್ಧತಿ ಬಾಗಿತು.

ಮಹಾಲಿಂಗಪುರ, ಮುಧೋಳ, ಲೋಕಾಪುರ ಹಾದು ಜಿಲ್ಲಾಸ್ಥಳಕ್ಕೆ ಬಸ್ಸಿನಲ್ಲಿ ಎರಡು ತಾಸಿಗೂ ಮಿಕ್ಕ ಹಾದಿ. ಕಬ್ಬಿನ ಹಂಗಾಮು, ಟ್ರ್ಯಾಕ್ಟರುಗಳ ಸಾಲು ಸರಿಯುವತನಕ ಬಸ್ಸು ನಿಲ್ಲಬೇಕು. ಅಂಥ ಪ್ರಯಾಣವನ್ನು ನಾವು ವಾರಕ್ಕೊಮ್ಮೆಯಂತೆ ಕೈಗೊಂಡೆವು. ಒಂದು ವಾರವೂ ಅಣ್ಣನು ತಪ್ಪಿಸಲಿಲ್ಲ.

ಚಿಕಿತ್ಸೆಯನ್ನು ನೋಡಿದವನಿಗೆ ಅದು ಚಿಕಿತ್ಸೆಯೆಂದು ಮೊದಲಿಗೆ ಅನಿಸುವುದಿಲ್ಲ. ತಾಯಿ ಕೂಸಿಗೆ ಮೊಲೆಯೂಡುತ್ತಿರುವಾಗಲೇ ತರುಣ ವೈದ್ಯರೊಬ್ಬರು ಅದರ ಪಾದವನ್ನು ಬೆರಳುಗಳಲ್ಲಿ ಹಿಡಿದು, ಕಣ್ಣುಮುಚ್ಚಿಕೊಂಡು ಎಂಬಂತೆ, ಎಲುಬುಗಳನ್ನು ತಡವಿ ನೋಡಿದರು. ಆರು ಲಕ್ಷಣಗಳಿಗೆ ಸೊನ್ನೆ, ಅರ್ಧ ಅಥವಾ ಒಂದು ಅಂಕ ಕೊಟ್ಟು ಕೂಡಿಸಿ ಬರೆದುಕೊಂಡರು. ಕೆನಡಾದ ಪಿರಾನಿಯವರು ಹಾಕಿಕೊಟ್ಟ ಕ್ರಮವಿದು. ಆರು ಅಂಕವೆಂದರೆ ಅತ್ಯಂತ ಸೊಟ್ಟ, ಸೊನ್ನೆಯೆಂದರೆ ನೆಟ್ಟಗೆ. ನಾನು ಆಯುಷ್ಯವೆಲ್ಲ ಅಂಕ ಕೊಟ್ಟವನು. ಅಂಕ ಕಡಿಮೆಯಾದಂತೆ ಹರ್ಷಪಡುವ ಪರೀಕ್ಷೆಯನ್ನು ಅಲ್ಲಿಯೇ ಕಂಡದ್ದು. ಕೂಸಿಗೆ ಮೊದಲ ದಿನ ಬಲಗಾಲಿಗೆ ಐದು, ಎಡಗಾಲಿಗೆ ಐದೂವರೆ.

ಹಿಮ್ಮಡಿಯೆಲುಬಿನ ಮೇಲೆ, ಕಣಕಾಲಿನ ಕೆಳಗೆ, ಟೇಲಸ್ ಎಂಬ ಒಂದು ಎಲುಬಿದೆ. ಪಾದದ ಉಳಿದ ಭಾಗವೆಲ್ಲ ಇದರ ಕೆಳಗೆ ಒಳಕ್ಕೆ ತಿರುಗಿ ಕುಳಿತಿರುವುದೇ ಈ ಊನದ ಮೂಲ. ವೈದ್ಯರು ಹೆಬ್ಬೆರಳನ್ನು ಆ ಎಲುಬಿನ ತಲೆಯ ಮೇಲೆ ಹೊರಬದಿಯಿಂದ ಒತ್ತಿ ಹಿಡಿದು, ಅದನ್ನೇ ಅಚ್ಚಾಗಿ ಮಾಡಿಕೊಂಡು, ಉಳಿದ ಪಾದವನ್ನು ಮೆಲ್ಲಗೆ ಹೊರಕ್ಕೆ ಸರಿಸುತ್ತಾರೆ. ಮೊದಲ ವಾರ ಮಾತ್ರ ನೋಡುವವನಿಗೆ ವಿಪರೀತವೆನಿಸುವಂತೆ, ಕಮಾನಿನ ಗುಳಿಯನ್ನು ಸರಿಪಡಿಸಲು ಪಾದದ ಮುಂಭಾಗವನ್ನು ಇನ್ನಷ್ಟು ಮೇಲಕ್ಕೆ ಹೊರಳಿಸುತ್ತಾರೆ. ಪೊನ್ಸೆಟಿಗಿಂತ ಮೊದಲು ಅಟ್ಲಾಂಟಾದ ಕೈಟ್ ಎಂಬ ವೈದ್ಯರೂ ಪ್ಲಾಸ್ಟರಿನಿಂದಲೇ ತಿದ್ದುತ್ತಿದ್ದರು. ಆದರೆ ಹೆಬ್ಬೆರಳನ್ನು ಇನ್ನೊಂದು ಕೀಲಿನ ಮೇಲೆ, ಸ್ವಲ್ಪವೇ ಮುಂದೆ, ಇಡುತ್ತಿದ್ದರಂತೆ. ಅಷ್ಟರಿಂದ ಹಿಮ್ಮಡಿ ತಿರುಗದೆ ತಡೆಯುಂಟಾಗಿ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತಿದ್ದಿತು. ಒಂದು ಹೆಬ್ಬೆರಳಿನ ಸ್ಥಳಾಂತರದಿಂದ ಒಂದು ಶಾಸ್ತ್ರವೇ ಬದಲಾದುದು ಎಂತಹ ವಿಚಿತ್ರ!

ಹೀಗೆ ಸರಿಸಿದ ಸ್ಥಿತಿಯಲ್ಲಿಯೇ ಹಿಡಿದು, ಹತ್ತಿ ಸುತ್ತಿ, ಬೆರಳ ತುದಿಯಿಂದ ತೊಡೆಯತನಕ ಪ್ಲಾಸ್ಟರ್ ಹಾಕಿದರು. ಮೊಣಕಾಲನ್ನು ಲಂಬಕೋನದಲ್ಲಿ ಮಡಚಿದ್ದರು, ಇಲ್ಲವಾದರೆ ಕೂಸು ಪಟ್ಟಿಯನ್ನು ಜಾರಿಸಿಬಿಡುತ್ತದೆ. ಬೆರಳುಗಳನ್ನು ಒತ್ತಿ ಬಿಟ್ಟು, ಕೆಂಪು ಮರಳುವುದನ್ನು ತಾಯಿಗೆ ತೋರಿಸಿದರು. ಬಣ್ಣ ಮರಳದಿದ್ದರೆ, ಬೆರಳು ನೀಲಿಗಟ್ಟಿದರೆ, ಒಂದು ರಾತ್ರಿಯೂ ಕಾಯದೆ ಬರಬೇಕು. ಒಂದು ವಾರದ ಮೇಲೆ ಆ ಪಟ್ಟಿ ಬಿಚ್ಚಿ, ಪಾದವನ್ನು ಇನ್ನಷ್ಟು ಸರಿಸಿ ಹೊಸದು. ಸಾಮಾನ್ಯವಾಗಿ ಐದಾರು ವಾರ ಸಾಕು. ನಮ್ಮ ಕೂಸಿಗೆ ಆರಾದವು. ಪ್ರತಿ ವಾರ ಬಿಚ್ಚಿದಾಗ ಕಾಣುವ ಪಾದ ಹಿಂದಿನ ವಾರದ್ದಲ್ಲ. ನಾಲ್ಕನೆಯ ವಾರ ಅಣ್ಣನು ಆ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತನು. ಅನಂತರ ವೈದ್ಯರನ್ನು, ನಗುತ್ತಲೇ, “ಸಾಹೇಬರ, ನಂದೂ ಒಂದ ಪಟ್ಟಿ ಹಾಕಿ ನೋಡ್ರೆಲ್ಲ” ಎಂದು ಕೇಳಿದನು.

ವೈದ್ಯರು ಅವನ ಪಾದವನ್ನು ಮುಟ್ಟಿ, ಗಾಯದ ಹಳೆಯ ಗುರುತನ್ನು ನೋಡಿ, “ಅಜ್ಜಾರ, ನಿಮ್ಮ ಎಲುಬು ಗಟ್ಟಿ ಆಗಿಬಿಟ್ಟಾವ್ರಿ. ನೋವು ಕಡಿಮಿ ಆಗೂ ಹಂಗ ಬೂಟ ಮಾಡಿಸಿಕೊಡತೀನಿ” ಎಂದರು. ಸುಳ್ಳು ಆಸೆ ಹುಟ್ಟಿಸದ ಅವರ ಮಾತು ನನಗೆ ಹಿಡಿಸಿತು. ಬಸ್ಸಿನಲ್ಲಿ ಮರಳುವಾಗ ನಾನು 1963ರ ಆ ಪ್ರಬಂಧದ ವಿಷಯ ಹೇಳಿದೆನು. ಅಣ್ಣನು ಲೋಕಾಪುರ ಬರುವತನಕ ಕಿಟಕಿಯ ಹೊರಗೆ ನೋಡುತ್ತಿದ್ದನು. ಆಮೇಲೆ, “ಇಂಗ್ಲಿಷ್ ಪೇಪರಿನ್ಯಾಗ ಇದ್ದದ್ದು ಬನಹಟ್ಟಿಗೆ ಬರಾಕ ಇಷ್ಟ ವರ್ಷ ಬೇಕಾತು ನೋಡು” ಎಂದನು, ಅಷ್ಟೇ.

ಬನಹಟ್ಟಿಗೇ ಏಕೆ, ಅಮೆರಿಕದ ಶಹರಗಳಿಗೂ ಅದು ಬೇಗ ಮುಟ್ಟಲಿಲ್ಲ. 1970, 80ರ ದಶಕಗಳಲ್ಲಿ ಸೀಳುವ ಶಸ್ತ್ರಕ್ರಿಯೆ ಇನ್ನೂ ದೊಡ್ಡದಾಯಿತು, ಜನಪ್ರಿಯವಾಯಿತು. 1995ರಲ್ಲಿ ಅಯೋವಾದ ಕೂಪರ್ ಮತ್ತು ಡೀಟ್ಸ್ ಎಂಬವರು, ಪೊನ್ಸೆಟಿಯವರು ಮಕ್ಕಳಾಗಿದ್ದಾಗ ತಿದ್ದಿದ 45 ಜನರ 71 ಪಾದಗಳನ್ನು ಮೂವತ್ತು ವರ್ಷಗಳ ಮೇಲೆ ಪರೀಕ್ಷಿಸಿ, ಅವರಲ್ಲಿ ನೂರಕ್ಕೆ 78 ಜನರ ಪಾದಗಳು ಉತ್ತಮ ಅಥವಾ ಒಳ್ಳೆಯ ಸ್ಥಿತಿಯಲ್ಲಿರುವುದನ್ನು ಪ್ರಕಟಿಸಿದರು. ಹುಟ್ಟಿನಿಂದ ಯಾವ ಊನವೂ ಇಲ್ಲದ ಅದೇ ವಯಸ್ಸಿನವರಲ್ಲಿ ಈ ಅಂಕೆ 85. ಮರುವರ್ಷ, ಎಂಬತ್ತೆರಡರ ವಯಸ್ಸಿನಲ್ಲಿ, ಪೊನ್ಸೆಟಿಯವರು ತಮ್ಮ ಪುಸ್ತಕವನ್ನು ಹೊರತಂದರು. ಆಮೇಲೂ ವೈದ್ಯರಿಗಿಂತ ಮೊದಲು ಕಿವಿಗೊಟ್ಟವರು ತಾಯಿತಂದೆಗಳು. ಅಂತರ್ಜಾಲದಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡು, ಕೂಸುಗಳನ್ನೆತ್ತಿಕೊಂಡು ಅಯೋವಾಕ್ಕೆ ಹೋಗತೊಡಗಿದರು. ಉಗಾಂಡಾದಲ್ಲಿ ವೈದ್ಯ ಪದವಿಯಿಲ್ಲದ ಆರೋಗ್ಯಾಧಿಕಾರಿಗಳಿಗೂ ಇದನ್ನು ಕಲಿಸಿ ಸಫಲರಾದರು. 2009ರಲ್ಲಿ, 95ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಹುಟ್ಟಿದ ದಿನವಾದ ಜೂನ್ 3ನ್ನು ಈಗ ಸೊಟ್ಟಪಾದದ ವಿಶ್ವದಿನವಾಗಿ ಆಚರಿಸುತ್ತಾರೆ.

ನಮ್ಮ ಕೂಸಿನ ವಿಷಯಕ್ಕೆ ಬರುತ್ತೇನೆ. ಆರು ಪಟ್ಟಿಗಳಾದ ಮೇಲೆ ಪಾದ ಹೊರಕ್ಕೆ ತಿರುಗಿತು, ಹಿಮ್ಮಡಿ ಮಾತ್ರ ಇನ್ನೂ ಮೇಲಿದ್ದಿತು. ನೂರಕ್ಕೆ ಎಂಬತ್ತು ತೊಂಬತ್ತು ಮಕ್ಕಳಲ್ಲಿ ಹೀಗೆಯೇ. ಇಡೀ ಚಿಕಿತ್ಸೆಯಲ್ಲಿ ಕತ್ತಿಯ ಕೆಲಸ ಇಲ್ಲಿ ಮಾತ್ರ: ಸ್ಟ್ರೋಮಾಯರನ ಆ ಹಳೆಯ ಚುಚ್ಚು. ಹಿಮ್ಮಡಿಯ ಹಿಂದೆ ಸ್ವಲ್ಪ ಮರಗಟ್ಟಿಸಿ, ಸಣ್ಣ ಅಲಗನ್ನು ಒಳಗೆ ತೂರಿಸಿ ರಜ್ಜುವನ್ನು ಕತ್ತರಿಸಿದರು. ಹೊಲಿಗೆಯಿಲ್ಲ. ಕೂಸು ಅತ್ತದ್ದು ಸೂಜಿಗೆ. ಕೆಲವೇ ನಿಮಿಷಗಳಲ್ಲಿ ತಾಯಿಯ ಮಡಿಲಲ್ಲಿದ್ದಿತು. ಕೊನೆಯ ಪಟ್ಟಿ ಮೂರು ವಾರ. ಅಷ್ಟರಲ್ಲಿ ಕತ್ತರಿಸಿದ ರಜ್ಜು ತಾನಾಗಿಯೇ, ಬೇಕಾದಷ್ಟು ಉದ್ದವಾಗಿ, ಬೆಳೆದು ಕೂಡಿಕೊಳ್ಳುತ್ತದೆ. ನಾನು ನಂಬದೆ ಎರಡು ಸಲ ಕೇಳಿದೆನು. ವೈದ್ಯರು ಬೇಸರಿಸದೆ ಎರಡು ಸಲ ಹೇಳಿದರು.

ನಾವು ಗೆದ್ದೆವೆಂದುಕೊಂಡೆವು. ನಿಜವಾದ ಪರೀಕ್ಷೆ ಆಮೇಲಿನದು. ಎರಡು ಬೂಟುಗಳು, ನಡುವೆ ಹೆಗಲಗಲದ ಒಂದು ಸಲಾಕಿ. ಬೂಟಿನ ಮೂತಿಗಳು ಹೊರಕ್ಕೆ ತಿರುಗಿರುತ್ತವೆ. ಮೊದಲ ಮೂರು ತಿಂಗಳು ದಿನದ 23 ತಾಸು ಅದನ್ನು ತೊಡಿಸಬೇಕು. ಆಮೇಲೆ ರಾತ್ರಿ ಹಾಗೂ ಹಗಲು ಮಲಗಿದಾಗ, ನಾಲ್ಕೈದು ವರ್ಷದ ವರೆಗೆ. ಪಾದ ಹಳೆಯ ದಾರಿ ಹಿಡಿಯಲು ಸದಾ ಹವಣಿಸುತ್ತಿರುತ್ತದೆ; ಬೂಟು ತಪ್ಪಿದ ಮನೆಗಳಲ್ಲಿಯೇ ಊನ ಹೆಚ್ಚಾಗಿ ಮರಳಿ ಬರುವುದು. ಇದನ್ನು ಕಾಗದದ ಮೇಲೆ ಬರೆಯುವುದು ಸುಲಭ. ಕಣ್ಣಿಗೆ ನೆಟ್ಟಗೆ ಕಾಣುವ ಕಾಲನ್ನು, ಅಳುವ ಕೂಸಿನ ಕಾಲನ್ನು, ಪ್ರತಿ ರಾತ್ರಿ ಸಲಾಕಿಗೆ ಕಟ್ಟುವುದು ಅಜ್ಜಿಯ ಕೈಯಿಂದ ಆಗುವ ಕೆಲಸವಲ್ಲ. ಕಬ್ಬು ಕಡಿಯುವ ಗ್ಯಾಂಗಿನವರ ಮಕ್ಕಳನ್ನೂ, ದುಡಿಮೆಗಾಗಿ ಊರು ಬಿಟ್ಟು ಹೋಗುವ ಮನೆಗಳ ಮಕ್ಕಳನ್ನೂ ನೆನೆಯಿರಿ. ಇಂದು ಒಂದು ಗುಡಿಸಲು, ಮುಂದಿನ ತಿಂಗಳು ಇನ್ನೊಂದು ಊರಿನಲ್ಲಿ ಇನ್ನೊಂದು. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿನಿಂದ ಊರನ್ನೇ ಎತ್ತಿ ಬೇರೆಡೆ ಇಟ್ಟವರಿದ್ದಾರೆ. ಚಿಕಿತ್ಸೆಗೆ ದುಡ್ಡು ಬೇಡವೆಂದರೂ ವಾರಕ್ಕೊಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಹೋಗುತ್ತದೆ. ಸರಕಾರದ ಕಾಗದಗಳಲ್ಲಿ ಈ ಕೂಲಿಯ ಲೆಕ್ಕಕ್ಕೆ ಒಂದು ಕಲಮು ಇರಬೇಕಿತ್ತು.

ನಮ್ಮ ಮನೆಯಲ್ಲಿ ತಪ್ಪಿದ್ದು 2020ರಲ್ಲಿ. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಮಗ್ಗಗಳು ನಿಂತವು, ಬನಹಟ್ಟಿಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಎಂದೂ ಕೇಳಿರಲಿಲ್ಲ. ಹುಡುಗನು ಆಗಲೇ ಓಡಾಡುತ್ತಿದ್ದನು. ಬೂಟು ಸಣ್ಣದಾಗಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಹೊಸದನ್ನು ತರಲು ಬಸ್ಸಿಲ್ಲ. ತಂಗಿ ಒಂದು ರಾತ್ರಿ ಬಿಟ್ಟಳು, ಆಮೇಲೆ ಎರಡು, ಆಮೇಲೆ ಬೂಟು ಅಟ್ಟದ ಮೇಲೆ ಹೋಯಿತು. ನಾನೂ ಸುಮ್ಮನಿದ್ದೆನು, “ನೆಟ್ಟಗೇ ಇದೆಯಲ್ಲ” ಎಂದು. ಸೆಪ್ಟೆಂಬರಿನಲ್ಲಿ ಅಣ್ಣನು ಹುಡುಗನ ಚಪ್ಪಲಿಯನ್ನು ತಿರುವಿ ನನ್ನ ಮುಂದೆ ಹಿಡಿದನು. ಎಡ ಚಪ್ಪಲಿಯ ಹೊರ ಅಂಚು ಸವೆದಿದ್ದಿತು. ಅವನು ಆ ಗುರುತನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವನು. ತಂಗಿಯನ್ನು ಅವನು ಬಯ್ಯಲಿಲ್ಲ. ಮರುದಿನದ ಬಸ್ಸು ಇದೆಯೋ ಎಂದಷ್ಟೇ ಕೇಳಿದನು.

ಮತ್ತೆ ಮೂರು ಪಟ್ಟಿ, ಮತ್ತೆ ಬೂಟು. ಮುಂದೆ ಬೇಕಾದರೆ ಪಾದವನ್ನು ಒಳಕ್ಕೆ ಎಳೆಯುವ ಒಂದು ಸ್ನಾಯುವಿನ ತುದಿಯನ್ನು ಬೇರೆಡೆ ಕೂಡಿಸಬೇಕಾದೀತೆಂದು ವೈದ್ಯರು ಎಚ್ಚರಿಸಿದ್ದರು. ಅದರ ಅಗತ್ಯ ಈ ವರೆಗೆ ಬಿದ್ದಿಲ್ಲ. ಅಂದಿನಿಂದ ಬೂಟು ತೊಡಿಸುವ ಕೆಲಸವನ್ನು ಅಣ್ಣನೇ ವಹಿಸಿಕೊಂಡನು. ರಾತ್ರಿ ಊಟವಾದ ಮೇಲೆ ಹುಡುಗನನ್ನು ಮುಂದೆ ಕೂರಿಸಿಕೊಂಡು, ತನ್ನ ಎರಡು ಕಾಲುಗಳನ್ನೂ ಚಾಚಿ, “ನನ್ನ ಕಾಲ ನೋಡು, ನಿನ್ನ ಕಾಲ ನೋಡು” ಎನ್ನುತ್ತ ಪಟ್ಟಿ ಬಿಗಿಯುವನು. ಹುಡುಗನಿಗೆ ಅದೊಂದು ಆಟ. ಐದು ವರ್ಷ ತುಂಬಿದ ಮೇಲೆ, 2023ರ ಡಿಸೆಂಬರಿನಲ್ಲಿ, ಬೂಟು ಸಾಕೆಂದರು. ಹುಡುಗನು ಈಗ ಶಾಲೆಗೆ ಹೋಗುತ್ತಾನೆ, ಓಡುತ್ತಾನೆ. ಮೀನಗಂಡ ಮಾತ್ರ ಜೊತೆಯ ಹುಡುಗರದಕ್ಕಿಂತ ತುಸು ಸಣ್ಣದು, ಅದು ಹಾಗೆಯೇ ಇರುತ್ತದಂತೆ. ವರ್ಷಕ್ಕೊಮ್ಮೆ ತೋರಿಸಿ ಬರಬೇಕು.

ಅಣ್ಣನಿಗೆ ಈಗ ಎಪ್ಪತ್ತು ದಾಟಿದೆ. ಅವನ ಹೆಸರು ಕೇಳಿಕೊಂಡು ಓಣಿಗೆ ಜನ ಬರುತ್ತಾರೆ. ಹೋದ ಮಳೆಗಾಲದಲ್ಲಿ ಬೀಳಗಿ ಕಡೆಯ ಒಬ್ಬ ಹೆಣ್ಣುಮಗಳು ಎಂಟು ದಿನದ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಮ್ಮನನ್ನು ಜೊತೆಗೆ ಕರೆದುಕೊಂಡು ಬಂದಳು. ಕಟ್ಟೆಯ ಮೇಲೆ ಕುಳಿತವಳು ಮೊದಲು ಆಡಿದ ಮಾತೇ, “ಅಜ್ಜಾರ, ನಾ ಗ್ರಹಣದಾಗ ಹೊರಗ ಬಂದಿದ್ದಿಲ್ರಿ” ಎಂಬುದು. ಅಣ್ಣನು ಕಂಡಿಕೆಯನ್ನು ಬದಿಗಿಟ್ಟು ಕೂಸಿನ ಕಾಲನ್ನು ನೋಡಿದನು. ಒಳಗಿನಿಂದ ಅವಳಿಗೆ ಚಹಾ ತರಿಸಿದನು. ಆಮೇಲೆ ಹುಡುಗನನ್ನು ಕರೆದು, ಅವಳ ಮುಂದೆ ಕಟ್ಟೆಯ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ಎರಡು ಸಲ ನಡೆಸಿ ತೋರಿಸಿ, ಪಟ್ಟಿ ಹಾಕುವ ದಿನ ಯಾವುದು, ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ, ಕೂಸಿಗೆ ಅಲ್ಲಿಗೆ ಹೋಗುವತನಕ ಹಾಲೂಡದೆ ಪಟ್ಟಿ ಹಾಕುವಾಗಲೇ ಊಡಬೇಕೆಂಬುದನ್ನೆಲ್ಲ ಅವಳ ತಮ್ಮನಿಗೆ ಹೇಳಿ, ಒಂದು ಚೀಟಿಯಲ್ಲಿ ಬರೆದುಕೊಡಲು ನನ್ನ ಕೈಗೆ ಪೆನ್ನು ಕೊಟ್ಟನು.